ಕಡ್ಡಿ ಟ್ಯೂಬ್, 4 ವರ್ಷ, ಒಂದು ಹಾಳು ಗುಳ್ಳೆ

ಪುಣೆಯ ನಮ್ಮ ಲ್ಯಾಬಿನಲ್ಲಿ 4 ವರ್ಷದಿಂದ ಆರ್‌ಎನ್‌ಎ ನೋಡೋಕೆ ಬಳಸುತ್ತಿರುವುದು ಒಳಗೆ ಗಾಜಿನ ಕಡ್ಡಿ ಇರುವ 5 ಮಿಮೀ ಎನ್‌ಎಂಆರ್ ಟ್ಯೂಬ್. ಎನ್‌ಎಂಆರ್ ಅಂದರೆ ದೊಡ್ಡ ಅಯಸ್ಕಾಂತದ ಮೆಷಿನ್ನಿನಲ್ಲಿಟ್ಟು ಅಣುವಿನೊಳಗಿನ ಪರಮಾಣುಗಳನ್ನು ಗ್ರಾಫಿನ ಪೀಕ್‌ಗಳಾಗಿ ನೋಡುವ ವಿಧಾನ. ಸಾದಾ ಟ್ಯೂಬಿಗಿಂತ ಇದು ತುಂಬಾ ದುಬಾರಿ. ಆದರೆ ಸಾದಾದಕ್ಕೆ 500–600 ಮೈಕ್ರೋಲೀಟರ್ ಬೇಕು, ಇದಕ್ಕೆ 300 ಸಾಕು. ಎನ್‌ಎಂಆರ್‌ಗೆ ಕಾಣುವ ಐಸೊಟೋಪುಗಳಾದ ಕಾರ್ಬನ್-13, ನೈಟ್ರೋಜನ್-15 ಹಾಕಿ ಆರ್‌ಎನ್‌ಎ ಮಾಡಿದವರಿಗೆ ಗೊತ್ತು, ಒಂದೊಂದು ಹನಿಯೂ ದುಡ್ಡು.

ತುಂಬುವುದೇ ಒಂದು ಪೂಜೆ. ಆರ್‌ಎನ್‌ಎ ದ್ರಾವಣವನ್ನು 95 ಡಿಗ್ರಿಗೆ ಕಾಯಿಸಿ, ತಕ್ಷಣ ಐಸಿಗೆ. 10% ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು). ಗ್ಲೌಸ್ ಇಲ್ಲದೆ ಮುಟ್ಟಬಾರದು, ಬೆರಳ ಬೆವರಲ್ಲೇ ಆರ್‌ಎನ್‌ಎ ತಿನ್ನುವ ಕಿಣ್ವ ಇರುತ್ತದೆ. ಗೋಡೆಗುಂಟ ನಿಧಾನ ಇಳಿಸಿ, ಅಮ್ಮ ಥರ್ಮಾಮೀಟರ್ ಕೊಡವಿದ ಹಾಗೆ ಒಮ್ಮೆ ಕೊಡವುತ್ತೇನೆ. ಆಮೇಲೆ ಕಡ್ಡಿ. ನೀರು ತಾಗಿದ ಕೂಡಲೇ ಸ್ವಲ್ಪ ತಿರುಗಿಸಿ ಮೇಲೆತ್ತಿದರೆ ಗಾಳಿ ಪಕ್ಕದಿಂದ ಹೊರಟು ಹೋಗುತ್ತದೆ. ಮೇಲೆ ಮೇಣದಂಥ ಪ್ಯಾರಾಫಿಲ್ಮ್ ಹಾಳೆ ಮೂರು ಸುತ್ತು.

ಇಷ್ಟೆಲ್ಲ ಮಾಡಿಯೂ ಗುಳ್ಳೆ! 5 ಡಿಗ್ರಿಯಲ್ಲಿ ಏನೂ ಇರಲ್ಲ. 25ಕ್ಕೆ ಏರಿಸಿದರೆ ನೀರೊಳಗಿನ ಗಾಳಿ ಹೊರಬಂದು ಕಡ್ಡಿಯ ಕೆಳಗೆ ಸಾಸಿವೆ ಕಾಳಿನಷ್ಟು ಕೂರುತ್ತದೆ. ಶಿಮ್, ಅಂದರೆ ಕಾಂತಕ್ಷೇತ್ರ ಎಲ್ಲೆಡೆ ಸಮನಾಗಿರಲೆಂದು ಮಾಡಿದ ಹೊಂದಿಕೆ, ಹೋಯಿತು. ಗ್ರಾಫಿನ ಪಿಪಿಎಂ ಅಳತೆಯಲ್ಲಿ 4.7ರ ನೀರಿನ ಪೀಕ್ ಗುಡ್ಡದಂತೆ ಉಬ್ಬುತ್ತದೆ, ಬೇಕಾದವೆಲ್ಲ ಅಗಲವಾಗಿ ಕರಗುತ್ತವೆ. ಒಮ್ಮೆ ಡೆಕ್ಕನ್ ಕ್ವೀನಿನಲ್ಲಿ ಐಸ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಮುಂಬೈಗೆ ಹೋಗಿದ್ದೆ. ಎರಡು ತಿಂಗಳು ಕಾದು ಸಿಕ್ಕ ದೊಡ್ಡ ಮೆಷಿನ್ನಿನ ಒಂದೇ ರಾತ್ರಿ. ಬೆಳಗ್ಗೆ ನೋಡಿದರೆ ಗುಳ್ಳೆ. ಅವತ್ತು ಈ ಟ್ಯೂಬಿಗೆ 1 ಸ್ಟಾರೂ ಕೊಡುತ್ತಿರಲಿಲ್ಲ.

ಈಗ ತುಂಬುವ ಮೊದಲು ಐದು ನಿಮಿಷ ವ್ಯಾಕ್ಯೂಮಿಗೆ ಇಡುತ್ತೇನೆ. ಗುಳ್ಳೆ ಅಪರೂಪ. ಗುಳ್ಳೆ ಇಲ್ಲದ ದಿನ ಮಾತ್ರ ಬೈಯೋಕೆ ಬಾಯಿ ಬರಲ್ಲ. ನಮ್ಮ ಪರೀಕ್ಷೆಯ ಆರ್‌ಎನ್‌ಎ ಬರೀ 14 ಅಕ್ಷರದ್ದು, ತನ್ನ ಮೇಲೇ ಮಡಚಿಕೊಂಡು, ತುದಿಯಲ್ಲಿ ಯು-ಯು-ಸಿ-ಜಿ ಅಕ್ಷರಗಳ ಕುಣಿಕೆ ಇರುವ ಹೇರ್‌ಪಿನ್. ಜಿ, ಯು ಅಕ್ಷರಗಳಲ್ಲಿ ನೈಟ್ರೋಜನ್ನಿಗೆ ಅಂಟಿದ ಹೈಡ್ರೋಜನ್ನೇ ಇಮಿನೋ ಪ್ರೋಟಾನು. ಜೋಡಿಯಾಗದ ಇಮಿನೋ ಪ್ರೋಟಾನು ನೀರಿನ ಜೊತೆ ಅದಲುಬದಲಾಗಿ ಮಾಯವಾಗುತ್ತದೆ, ಜೋಡಿಯಾದದ್ದು ಕಾಣುತ್ತದೆ. ಹಾಗಾಗಿ 12–13.5ರ ನಡುವೆ ಜಿ-ಸಿ ಜೋಡಿಗಳು, 14ರ ಹತ್ತಿರ ಒಂದೇ ಒಂದು ಎ-ಯು. ಇನ್ನೊಂದು, ದೂರದಲ್ಲಿ 10ರ ಹತ್ತಿರ ಒಂಟಿಯಾಗಿ ನಿಂತಿರುತ್ತದೆ. ಕುಣಿಕೆಯಲ್ಲಿ ಮಗುಚಿ ಕೂತು, ಎದುರಿನ ಯು ಕೈ ಹಿಡಿದ ಜಿ ಅದು. ಸಪೂರ, ನೆಟ್ಟಗೆ. ಪ್ರತಿ ಸಲ ಮೊದಲು ಅದನ್ನೇ ಹುಡುಕುತ್ತೇನೆ, ಸುಮ್ನೆ.

ತೊಳೆಯೋದು ಜಾಸ್ತಿ ಕಿರಿಕಿರಿ. ಕಡ್ಡಿಗೂ ಟ್ಯೂಬಿಗೂ ಜೋಡಿ ಕಟ್ಟಿರುತ್ತದೆ, ಒಂದು ಒಡೆದರೆ ಇನ್ನೊಂದೂ ದಂಡ. ಮೊನ್ನೆ ಹೊಸದಾಗಿ ಸೇರಿದ ಧಾರವಾಡದ ಹುಡುಗ ಕೇಳಿದ, “ಅಕ್ಕಾ, ನಾಳೆ ನಿಮ್ಮ ಟ್ಯೂಬ್ ಕೊಡ್ತೀರೇನ್ರಿ?”

ಸಾದಾ ಟ್ಯೂಬ್ ಕೊಟ್ಟು ಕಳಿಸಿದೆ.