‘ಮ್ಯಾಗ್ನಮ್ ಫೋರ್ಸ್’ ಕಾರಿನ ದೃಶ್ಯ: ಮನೆಯ ಟಿವಿಯಲ್ಲಿ ಎಲ್ಲಿ ಕೆಡುತ್ತದೆ?

ನಂತೂರಿನಲ್ಲೋ ಪಂಪ್‌ವೆಲ್‌ನಲ್ಲೋ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಿಡಿದರೆ ಮಂಗಳೂರಿನವರ ಕೈ ತಾನಾಗಿಯೇ ಡ್ಯಾಶ್‌ಬೋರ್ಡಿನತ್ತ ಹೋಗುತ್ತದೆ. ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಚೀಟಿ. ಹೆಚ್ಚೆಂದರೆ ದಂಡ ಬೀಳುತ್ತದೆ, ಅಷ್ಟೇ ಎಂಬ ಧೈರ್ಯ. 1973ರ ‘ಮ್ಯಾಗ್ನಮ್ ಫೋರ್ಸ್’ ಕೈ ಹಾಕುವುದು ಈ ಧೈರ್ಯಕ್ಕೇ. ಕ್ಲಿಂಟ್ ಈಸ್ಟ್‌ವುಡ್‌ನ ಇನ್ಸ್‌ಪೆಕ್ಟರ್ ಹ್ಯಾರಿ ಕ್ಯಾಲಹನ್ ಸರಣಿಯ ಎರಡನೇ ಚಿತ್ರ ಇದು. ನಿರ್ದೇಶನ ಟೆಡ್ ಪೋಸ್ಟ್, ಸಂಗೀತ ಲಾಲೊ ಶಿಫ್ರಿನ್, ಅವಧಿ 124 ನಿಮಿಷ.

ದೃಶ್ಯ ಇಷ್ಟೇ. ಕೊಲೆ ಕೇಸಿನಲ್ಲಿ ಕಾನೂನಿನ ಸಂದಿಯಲ್ಲಿ ನುಸುಳಿ ಬಿಡುಗಡೆಯಾದ ರಿಕ್ಕಾ ಎಂಬ ದೊಡ್ಡ ಕುಳ ಕಾರು ಹತ್ತಿ ಹೊರಟಿದ್ದಾನೆ. ಕಾರಿನಲ್ಲಿ ಒಟ್ಟು ನಾಲ್ವರು. ಬೈಕಿನಲ್ಲಿ ಬಂದ ಪೊಲೀಸ್ ಯಾವುದೋ ಚಿಲ್ಲರೆ ತಪ್ಪಿಗೆ ಗಾಡಿ ಸೈಡಿಗೆ ಹಾಕಿಸುತ್ತಾನೆ. ಹಗಲು ಬೆಳಕು, ತೆರೆದ ರಸ್ತೆ. ಬಿಳಿ ಹೆಲ್ಮೆಟ್, ಕಪ್ಪು ಕನ್ನಡಕ, ನಡುವೆ ಮುಖವೇ ಇಲ್ಲ. ಇಟಲಿಯ ಮೋಟೋ ಗುಜ್ಜಿ ಬೈಕು, ಎರಡು ಸಿಲಿಂಡರ್ ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವಂಥದ್ದು. ಅವಸರವಿಲ್ಲದ ಮಾತು. ಆಮೇಲೆ ಗುಂಡು, ನಾಲ್ವರೂ ಫಿನಿಶ್.

ನಾಲ್ಕಾರು ಜನ ಒಟ್ಟಿಗೆ ಕೂತು ನೋಡಿದರೆ ಮೊದಲು ಬರುವುದು ಚಪ್ಪಾಳೆ. ಕೋರ್ಟು ಬಿಟ್ಟವನನ್ನು ರಸ್ತೆ ಬಿಡಲಿಲ್ಲ ಎಂಬ ಖುಷಿ. ಅದಾಗಿ ಅರ್ಧ ನಿಮಿಷಕ್ಕೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: “ಅಲ್ಲ ಮಾರಾಯ್ರೆ, ಆ ಡ್ರೈವರ್ ಎಂತ ಮಾಡಿದ?” ದೃಶ್ಯದ ಜೀವ ಇರುವುದು ಈ ಎರಡು ಪ್ರತಿಕ್ರಿಯೆಗಳ ನಡುವಿನ ಅಂತರದಲ್ಲಿ. ಮೊದಲ ಚಿತ್ರ ‘ಡರ್ಟಿ ಹ್ಯಾರಿ’ (1971) ಬಂದಾಗ ವಿಮರ್ಶಕಿ ಪಾಲಿನ್ ಕೇಲ್ ಅದರೊಳಗಿನ ಫ್ಯಾಸಿಸ್ಟ್ ಗುಣವನ್ನು ಕಟುವಾಗಿ ಟೀಕಿಸಿದ್ದರು. ಕಾನೂನು ಕೈಗೆತ್ತಿಕೊಂಡ ಪೊಲೀಸರ ಎದುರಿಗೇ ಹ್ಯಾರಿಯನ್ನು ನಿಲ್ಲಿಸಿದ್ದು ಎರಡನೇ ಚಿತ್ರ. ಮೊದಲು ಚಪ್ಪಾಳೆ ಹೊಡೆಸಿ, ಆಮೇಲೆ ಹೆಣ ಎಣಿಸಲು ಹೇಳುತ್ತದೆ. ಎಣಿಸದೆ ಬರೀ ಚಪ್ಪಾಳೆ ಹೊಡೆದು ಎದ್ದು ಹೋದವರೂ ಬೇಕಾದಷ್ಟು ಜನ ಇದ್ದಾರೆ, ಅದು ಬೇರೆ ಮಾತು.

ಈ ಅಂತರವನ್ನು ಕೆಡಿಸುವುದರಲ್ಲಿ ಮನೆಯ ಟಿವಿಗಳು ನಿಸ್ಸೀಮ. “ಸೀರಿಯಲ್ ತರ ಕಾಣ್ತದೆ” ಎಂಬ ದೂರಿನ ಮೂಲ ಚಿತ್ರವಲ್ಲ, ಟಿವಿಯ ಸೆಟ್ಟಿಂಗು. ಫಿಲ್ಮು ಓಡುವುದು ಸೆಕೆಂಡಿಗೆ 24 ಫ್ರೇಮ್. ಟಿವಿ ತಾನೇ ನಡುವೆ ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ಸೇರಿಸುತ್ತದೆ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ. ಹೆಸರು ಯಾವುದೇ ಇರಲಿ, ಆಫ್ ಮಾಡಿ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಒತ್ತಿದರೆ ಸಾಕು. ಆಫ್ ಮಾಡಿದ ಮೇಲೆ ಕ್ಯಾಮೆರಾ ತಿರುಗುವಾಗ ಸಣ್ಣಗೆ ಜಗ್ಗಿದಂತೆ ಕಂಡರೆ ಹೆದರಬೇಡಿ. 60 ಹರ್ಟ್ಸ್ ಪರದೆ ಒಂದು ಫ್ರೇಮನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸುತ್ತದೆ, ಆ ಏರುಪೇರು ಅದು. 120 ಹರ್ಟ್ಸ್ ಪರದೆಯಲ್ಲಿ ಪ್ರತಿ ಫ್ರೇಮಿಗೂ ಸಮವಾಗಿ ಐದು ಸಲ ಸಿಗುವುದರಿಂದ ಜಗ್ಗುವುದಿಲ್ಲ.

ಇನ್ನೊಂದು ದೊಡ್ಡ ಪಾಪ ಝೂಮ್ ಗುಂಡಿ. ಮೇಲೆ ಕೆಳಗೆ ಕಪ್ಪು ಪಟ್ಟಿ ಕಂಡ ಕೂಡಲೇ “ದುಡ್ಡು ಕೊಟ್ಟದ್ದು ಇಡೀ ಟಿವಿಗೆ” ಎಂದು ರಿಮೋಟ್ ಹುಡುಕುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಉಂಟು. ಚಿತ್ರದ ಅಗಲ ಎತ್ತರದ 2.39 ಪಟ್ಟು. 55 ಇಂಚಿನ ಟಿವಿಯಲ್ಲಿ ಮೇಲೊಂದು ಕೆಳಗೊಂದು ಸುಮಾರು 9 ಸೆಂಟಿಮೀಟರ್ ಕಪ್ಪು ಇರಲೇಬೇಕು. ಪರದೆ ತುಂಬುವಂತೆ ಝೂಮ್ ಮಾಡಿದರೆ ಚಿತ್ರದ ಕಾಲು ಭಾಗ ಹೋಯಿತು. ಹಳೆಯ ಚೌಕ ಟಿವಿಗೆಂದು ಕತ್ತರಿಸಿದ ಪ್ರಿಂಟಿನಲ್ಲಿ ನೂರಕ್ಕೆ 44 ಪಾಲು. ಉದ್ದದ ಕಾರು, ಒಳಗೆ ಸಾಲಾಗಿ ಕೂತವರು, ಹೊರಗೆ ನಿಂತ ಸಮವಸ್ತ್ರ: ಅಗಲ ಚೌಕಟ್ಟಿಗೆ ಹೇಳಿ ಮಾಡಿಸಿದ ದೃಶ್ಯ ಇದು. ಅಂಚು ಕತ್ತರಿಸಿದರೆ ಯಾರು ಯಾರನ್ನು ನೋಡುತ್ತಿದ್ದಾರೆ ಎಂಬುದೇ ಗೊತ್ತಾಗುವುದಿಲ್ಲ.

ಸದ್ದಿನ ವಿಷಯ. ಮೂಲದಲ್ಲಿ ಇದು ಮೋನೋ, ಅಂದರೆ ಎಲ್ಲ ಸದ್ದಿಗೂ ಒಂದೇ ಚಾನೆಲ್. ಆಡಿಯೋ ಮೆನುವಿನಲ್ಲಿ ಮೋನೋ ಇದ್ದರೆ ಅದನ್ನೇ ಆರಿಸಿ. ಸದ್ದೆಲ್ಲ ಪರದೆಯ ನಡುವಿನಿಂದಲೇ ಬರುತ್ತದೆ. ಆಟೋ ವಾಲ್ಯೂಮ್, ನೈಟ್ ಮೋಡ್ ಎರಡೂ ಬೇಡ. ಅವು ಮಾತನ್ನು ಏರಿಸಿ ಗುಂಡಿನ ಸದ್ದನ್ನು ಇಳಿಸುತ್ತವೆ. ಮೆಲ್ಲಗಿನ ಮಾತಿಗೂ ಗುಂಡಿಗೂ ನಡುವಿನ ಏಟು ಅಲ್ಲಿಗೆ ಸತ್ತಿತು. ತೊಂದರೆ ಇರುವುದು ನಮ್ಮ ಆಟಿ ತಿಂಗಳ ಜಡಿಮಳೆಯಲ್ಲಿ. ಹಂಚಿನ ಮಾಡಾದರೆ ಹೇಗೋ ಸುಧಾರಿಸಬಹುದು, ಟೆರೇಸಿನ ಮೇಲೆ ಶೀಟು ಹೊದೆಸಿದ ಮನೆಯಲ್ಲಿ ಮಳೆ ಹೊಯ್ಯುವಾಗ ಪೊಲೀಸನ ಮಾತು ಒಂದಕ್ಷರ ಕೇಳುವುದಿಲ್ಲ. ಮೋನೋದಲ್ಲಿ ಸದ್ದೆಲ್ಲ ಒಂದೇ ಕಡೆಯಿಂದ ಬರುವುದರಿಂದ ಒಟ್ಟು ವಾಲ್ಯೂಮ್ ಏರಿಸುವುದೇ ದಾರಿ; 5.1ರಂಥ ಸರೌಂಡ್ ಟ್ರ್ಯಾಕ್ ಹಾಕಿದ್ದರೆ ಮಾತ್ರ ನಡುವಿನ ಸ್ಪೀಕರನ್ನಷ್ಟೇ 3ರಿಂದ 4 ಡೆಸಿಬೆಲ್ ಏರಿಸಿ. ಆಗಲೂ ಆಗದಿದ್ದರೆ ಹೆಡ್‌ಫೋನ್, ಇಲ್ಲವೇ ಮಳೆ ಬಿಡುವವರೆಗೆ ಬೇರೆ ಏನಾದರೂ ನೋಡಿ.

ಡಿಸ್ಕ್ ಇಟ್ಟುಕೊಂಡವರಿಗೆ ಎರಡು ಮಾತು. ಹಳೆಯ ಪಾಲ್ (ಸೆಕೆಂಡಿಗೆ 25 ಫ್ರೇಮಿನ ಟಿವಿ ಪದ್ಧತಿ) ಡಿವಿಡಿಯಲ್ಲಿ ಚಿತ್ರ 119 ನಿಮಿಷಕ್ಕೇ ಮುಗಿದರೆ ಸೆನ್ಸಾರಿನವರು ಕತ್ತರಿ ಆಡಿಸಿದ್ದಾರೆ ಎಂದು ಬೈಯಬೇಡಿ. 24ರ ಫಿಲ್ಮನ್ನು 25ರಲ್ಲಿ ಓಡಿಸಿದ್ದಕ್ಕೆ ಆ ಐದು ನಿಮಿಷ ಕರಗಿರುತ್ತದೆ, ದನಿಯೂ ಒಂದಿಷ್ಟು ಕೀರಲಾಗಿರಬಹುದು. ಕರಾವಳಿಯ ತೇವಕ್ಕೆ ಡಿಸ್ಕಿನ ಮೇಲೆ ಬೂಸ್ಟು ಹಿಡಿದರೆ ಒದ್ದೆ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಿದರೆ ಗೀರು ಟ್ರ್ಯಾಕಿನ ಉದ್ದಕ್ಕೇ ಬಿದ್ದು ಓದಲು ಬಾರದಂತೆ ಆಗುತ್ತದೆ.

ಇದೇ ಚಿತ್ರದಲ್ಲಿ ಇನ್ನೊಂದು ಕಾರು ತಡೆಯುವ ದೃಶ್ಯವಿದೆ. ಹೆಣ್ಣುಗಳ ದಲ್ಲಾಳಿಯೊಬ್ಬ ಲೈಸೆನ್ಸ್ ಜೊತೆ ನೋಟನ್ನೂ ಚಾಚಲು ಹೋಗಿ ಸಾಯುತ್ತಾನೆ. ನೋಟು ಕಂಡ ಕೂಡಲೇ ನಮ್ಮವರು ನಗುತ್ತಾರೆ, ವಿವರಣೆ ಬೇಕಿಲ್ಲವಲ್ಲ. ಹ್ಯಾರಿಗೆ ಸುಳಿವು ಸಿಗುವುದೂ ಅಲ್ಲಿಯೇ: ಲಂಚ ಚಾಚಿದ್ದಾನೆಂದರೆ ಎದುರಿಗಿದ್ದವನು ಪೊಲೀಸೇ. ಅದಕ್ಕೆ ಮೊದಲು ಬರುವ, ಅದೇ ದಲ್ಲಾಳಿ ಹೆಣ್ಣೊಬ್ಬಳಿಗೆ ಪೈಪು ತೊಳೆಯುವ ದ್ರಾವಣ ಕುಡಿಸಿ ಕೊಲ್ಲುವ ಟ್ಯಾಕ್ಸಿಯ ದೃಶ್ಯವನ್ನು ಮಾತ್ರ ಮಕ್ಕಳ ಎದುರು ಹಾಕಲೇಬೇಡಿ. 1974ರಲ್ಲಿ ಅಮೆರಿಕದ ಆಗ್ಡೆನ್‌ನಲ್ಲಿ ನಡೆದ ಕೊಲೆಗಳ ಹಂತಕರು ಉಪಾಯ ಎತ್ತಿಕೊಂಡದ್ದು ಇಲ್ಲಿಂದಲೇ ಎಂಬ ಮಾತು ಆ ಪ್ರಕರಣಕ್ಕೆ ಇವತ್ತಿಗೂ ಅಂಟಿಕೊಂಡಿದೆ.

“ಗುಂಡು ನೋಡಿ ಪಿಸ್ತೂಲು ಪತ್ತೆ ಮಾಡಬಾರದಿತ್ತಾ?” ಎಂದು ಕೇಳುವವರು ತಾಳ್ಮೆಯಿಂದ ಶೂಟಿಂಗ್ ಪಂದ್ಯದವರೆಗೆ ಕಾಯಬೇಕು. ಅಲ್ಲಿ ಹ್ಯಾರಿ ಸಂಶಯದ ಮೇಲೆ ಒಬ್ಬನ ರಿವಾಲ್ವರ್ ಕೇಳಿ ಪಡೆದು, ಬೇಕೆಂದೇ ಒಂದು ಗುಂಡನ್ನು ಗೋಡೆಗೆ ಹೊಡೆದು, ಆಮೇಲೆ ಬಂದು ಅದನ್ನು ಕೆತ್ತಿ ತೆಗೆಯುತ್ತಾನೆ. ಅಲ್ಲಿಯವರೆಗಿನ ನಡುಭಾಗ ಮಾತ್ರ ಸಡಿಲ. ವಿಮಾನ ಅಪಹರಣದ ಪ್ರಸಂಗ ಮಜಾ ಕೊಟ್ಟರೂ ಕತೆಗೆ ಬೇಕಿರಲಿಲ್ಲ, ಪಕ್ಕದ ಮನೆಯ ಹುಡುಗಿಯ ಪ್ರಸಂಗವಂತೂ ಚಹಾ ಮಾಡಿಕೊಂಡು ಬರಲು ಹೇಳಿ ಮಾಡಿಸಿದ ಹೊತ್ತು.

ಕೊನೆಯಲ್ಲಿ ಮತ್ತೊಂದು ಕಾರು ಬರುತ್ತದೆ. ಅದರಲ್ಲಿ ಏನಾಗುತ್ತದೆ ಎಂದು ಹೇಳಿದರೆ ಮೊದಲ ಸಲ ನೋಡುವವರಿಗೆ ಅನ್ಯಾಯ. ಎರಡನೇ ಸಲ ನೋಡುವವರು ಕಾರಿನ ಬಳಿ ಮಾತು ನಡೆಯುವಾಗ ಹ್ಯಾರಿಯ ಮುಖ ಬಿಟ್ಟು ಕೈ ನೋಡಿ.