ಹಳೆ ಕಾರಿಗೆ ಟರ್ಬೊ ಡೀಸೆಲ್: ಫೋಕ್ಸ್‌ವ್ಯಾಗನ್ 1.9 ಟಿಡಿಐ ಎಂಜಿನ್ ಹೇಗಿದೆ?

ಹಳೆ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿಗೆ ಟರ್ಬೊ ಡೀಸೆಲ್ ಕೂರಿಸುವವರಿಗೆ ಎಎಚ್‌ಯು ಎಂಬ ಎಂಜಿನ್ ಕೋಡಿನ 1.9 ಟಿಡಿಐಗಿಂತ ಒಳ್ಳೆಯ ಬುನಾದಿ ಸಿಗುವುದು ಕಷ್ಟ. 1,896 ಸಿಸಿ, 90 ಎಚ್‌ಪಿ, 202 ನ್ಯೂಟನ್ ಮೀಟರ್ ಟಾರ್ಕ್. ಕಬ್ಬಿಣದ ಬ್ಲಾಕ್ ಗಟ್ಟಿ, ನೇರ ಇಂಜೆಕ್ಷನ್ (ಡೀಸೆಲ್ ನೇರವಾಗಿ ಸಿಲಿಂಡರ್‌ಗೇ ಚಿಮ್ಮುವುದು) ಇರುವುದರಿಂದ ಚಳಿಯಲ್ಲೂ ಬೇಗ ಸ್ಟಾರ್ಟ್ ಆಗುತ್ತದೆ.

ಡೀಸೆಲ್ ಚಿಮ್ಮಿಸುವ ಎಲೆಕ್ಟ್ರಾನಿಕ್ ಪಂಪ್ ತೆಗೆದು ಮೆಕ್ಯಾನಿಕಲ್ ಬಾಷ್ ವಿಇ ಪಂಪ್ ಹಾಕಿದರೆ ಇಸಿಯು (ಎಂಜಿನ್‌ನ ಕಂಪ್ಯೂಟರ್), ಇಮ್ಮೊಬಿಲೈಸರ್ (ಕಳವು ತಡೆಯುವ ವ್ಯವಸ್ಥೆ) ತಲೆನೋವು ಪೂರ್ತಿ ಹೋಗುತ್ತದೆ. ಡೀಸೆಲ್ ಹರಿವು ತೆರೆದು ಮುಚ್ಚುವ ಸ್ಟಾಪ್ ಸೊಲೆನಾಯ್ಡ್‌ಗೆ 12 ವೋಲ್ಟ್, ಸ್ಟಾರ್ಟ್‌ಗೆ ಮುನ್ನ ಸಿಲಿಂಡರ್ ಬಿಸಿ ಮಾಡುವ ಗ್ಲೋ ಪ್ಲಗ್‌ಗೆ ರಿಲೇ ಕೊಟ್ಟರೆ ಸಾಕು. ಬೂಸ್ಟ್‌ಗೆ (ಟರ್ಬೊ ತುಂಬುವ ಗಾಳಿಯ ಒತ್ತಡಕ್ಕೆ) ತಕ್ಕಂತೆ ಡೀಸೆಲ್ ಹೆಚ್ಚಿಸುವ ಡಯಾಫ್ರಮ್ ಇರುವ ಪಂಪನ್ನೇ ಆರಿಸಿ. ಇಲ್ಲದಿದ್ದರೆ ಕೆಳಗಿನ ಆರ್‌ಪಿಎಂನಲ್ಲಿ ಕಪ್ಪು ಹೊಗೆ ತಪ್ಪದು. ಪಂಪ್ ಟೈಮಿಂಗನ್ನು, ಅಂದರೆ ಡೀಸೆಲ್ ಚಿಮ್ಮುವ ಕ್ಷಣವನ್ನು, ಅಂದಾಜಿನಲ್ಲಿ ಬಿಡಬೇಡಿ, ಡಯಲ್ ಗೇಜ್‌ನಲ್ಲಿ ಅಳೆದೇ ಕೂರಿಸಿ.

ಈ ಎಂಜಿನ್‌ನ ದೊಡ್ಡ ದೌರ್ಬಲ್ಯ ಕ್ರ್ಯಾಂಕ್‌ಶಾಫ್ಟ್‌ನ ಮೂತಿ, ಅಂದರೆ ಅದರ ಮುಂತುದಿ. ಅಲ್ಲಿ ಟೈಮಿಂಗ್ ಬೆಲ್ಟ್ ತಿರುಗಿಸುವ ಹಲ್ಲುಚಕ್ರವನ್ನು (ಸ್ಪ್ರಾಕೆಟ್) ಹಿಡಿದಿರುವ ಒಂದೇ ಬೋಲ್ಟ್ ಸಡಿಲವಾದರೆ ಚಕ್ರ ಜಾರದಂತೆ ತಡೆಯುವ ಕೀ ಕೂರುವ ಜಾಗ ಸವೆದು, ವಾಲ್ವ್ ಟೈಮಿಂಗ್ ಜಾರಿ, ಪಿಸ್ಟನ್ ವಾಲ್ವ್‌ಗೆ ಬಡಿಯುತ್ತದೆ. ಈ ಬೋಲ್ಟ್ ಬಿಗಿಯುವಾಗ ಹಿಗ್ಗುವಂಥದ್ದು; ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಮೂತಿಯಲ್ಲಿ ಸವೆತ ಕಂಡರೆ ಆ ಎಂಜಿನ್ ಕೊಳ್ಳಲೇಬೇಡಿ.

ಟರ್ಬೊದ ಆಯಿಲ್ ವಾಪಸ್ ಪೈಪ್ ಅಗಲವಾಗಿ, ಎಲ್ಲೂ ಮೇಲೇಳದೆ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತಟ್ಟೆಗೆ) ಇಳಿಯಬೇಕು. ಬಾಗಿ ಆಯಿಲ್ ನಿಂತರೆ ಅದು ಸೀಲ್ ದಾಟಿ ಇಂಟೇಕ್‌ಗೆ ನುಗ್ಗುತ್ತದೆ, ಜನ ಸುಮ್ಮನೆ ಟರ್ಬೊ ಬದಲಿಸುತ್ತಾರೆ.

ಪೆಟ್ರೋಲ್ ಎಂಜಿನ್‌ಗೆ ವಿರುದ್ಧವಾಗಿ, ಇಲ್ಲಿ ಇಂಧನ ಹೆಚ್ಚಿದಷ್ಟೂ ಬಿಸಿ ಏರುತ್ತದೆ. ಡೀಸೆಲ್ ಹೆಚ್ಚಿಸಲು ಪಂಪ್ ಸ್ಕ್ರೂ ತಿರುಗಿಸುವ ಮುನ್ನ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಭಾಗ) ಇರಲಿ, ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ ಟರ್ಬೊಗೆ ಮೊದಲೇ ತಾಪಮಾನದ ಗೇಜ್ ಇರಲಿ. ಉದ್ದನೆಯ ಏರಿನಲ್ಲಿ ಮುಳ್ಳು 750 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದರೆ ಡೀಸೆಲ್ ಪ್ರಮಾಣ ಇಳಿಸಿ.