ಇಳಕಲ್ಲಿನ ಕಲ್ಲು, ನವನಗರದ ಲ್ಯಾಮಿನೇಟ್: ಮುಟ್ಟಿ ನೋಡಿ ತಂದೆವು

ಬಾಗಲಕೋಟೆ ನವನಗರದ ನಮ್ಮ ಅಡುಗೆಮನೆ ಹೊಸದು ಮಾಡಿಸುವಾಗ ಒಂದೇ ಹಟ ಹಿಡಿದಿದ್ದೆ: ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ಯಾವ ಸಾಮಾನೂ ಒಳಗೆ ಬರಕೂಡದು. ಮೂರು ವರ್ಷದ ಹಿಂದೆ ದೇವರಮನೆ ಬಾಗಿಲಿಗೆ ಮೊಬೈಲಿಗೆ ಬಂದ ಫೋಟೊ ನೋಡಿ ಲ್ಯಾಮಿನೇಟ್, ಅಂದರೆ ಹಲಗೆಗೆ ಅಂಟಿಸುವ ಬಣ್ಣದ ಹಾಳೆ, ಒಪ್ಪಿದ್ದೆವು. ಕೆನೆ ಬಣ್ಣ ಅಂದುಕೊಂಡದ್ದು ಹಚ್ಚಿದ ಮೇಲೆ ತಿಳಿ ಹಸಿರು ಹೊಡೆಯಿತು. ಅತ್ತೆಯವರು ಇವತ್ತಿಗೂ ದೀಪ ಹಚ್ಚುವಾಗ ಆ ಬಾಗಿಲು ನೋಡಿ ಮುಖ ಸಣ್ಣದು ಮಾಡುತ್ತಾರೆ.

ಮೊದಲು ಇಳಕಲ್ಲಿಗೆ ಹೋದೆವು. ಅಲ್ಲಿಯ ಕೆಂಪು ಗ್ರಾನೈಟ್ ಹೊರದೇಶಕ್ಕೆ ಹೋಗುತ್ತದೆ, ನಮ್ಮ ಜಿಲ್ಲೆಯ ಕಲ್ಲು ನಮ್ಮ ಅಡುಗೆಕಟ್ಟೆಗೆ ಯಾಕೆ ಬೇಡ? ಹೆದ್ದಾರಿ ಬದಿಯ ಪಾಲಿಶ್ ಘಟಕದ ಅಂಗಳದಲ್ಲಿ ಸ್ಲ್ಯಾಬುಗಳು ಓರೆಯಾಗಿ ಸಾಲುಗಟ್ಟಿ ನಿಂತಿದ್ದವು. ನನಗೆ ಮೊದಲನೆಯದೇ ಹಿಡಿಸಿತು. ಅಲ್ಲಿಯ ಹಿರಿಯ ಕೆಲಸಗಾರರು, “ಅಕ್ಕಾರ, ಹೊಳಪು ನೋಡಿ ಮರುಳಾಗಬ್ಯಾಡ್ರಿ, ಕಲ್ಲಿನ ಬೆನ್ನು ನೋಡ್ರಿ” ಎಂದು ಹಿಂದೆ ಕರೆದೊಯ್ದರು. ತಂಬಿಗೆ ನೀರು ಚಿಮುಕಿಸಿದರು. ಬಿಸಿಲಿಗೆ ಕಲ್ಲೆಲ್ಲ ಆರಿತು, ಕೂದಲೆಳೆಯಷ್ಟು ಒಂದು ಗೆರೆ ಮಾತ್ರ ಹಸಿಯಾಗಿಯೇ ಉಳಿಯಿತು. ಅದು ಬಿರುಕು. ಸಿಂಕಿಗೆ ಕೊರೆಯುವಾಗ ಅಲ್ಲಿಂದಲೇ ಸೀಳುತ್ತದೆಯಂತೆ. ಮುಂದಿನ ಮಗ್ಗುಲಲ್ಲಿ ಎಷ್ಟು ಹುಡುಕಿದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಮಾರುವವರೇ ತಮ್ಮ ಕಲ್ಲಿನ ದೋಷ ತೋರಿಸಿದರಲ್ಲ, ಅಲ್ಲೇ ನನಗೆ ನಂಬಿಕೆ ಕೂತಿತು. ಒಂದೇ ಬ್ಲಾಕಿನ ಎರಡು ಸ್ಲ್ಯಾಬ್ ಆರಿಸಿ, ಬೆನ್ನಿಗೆ ಸೀಮೆಸುಣ್ಣದಲ್ಲಿ ನಮ್ಮ ಹೆಸರು ಬರೆಸಿ, ಫೋಟೊ ತೆಗೆದುಕೊಂಡೇ ಮುಂಗಡ ಕೊಟ್ಟೆ. ಲಾರಿಯಲ್ಲಿ ಬಂದದ್ದೂ ಅವೇ.

ಕೊರತೆಯನ್ನೂ ಹೇಳಬೇಕು. ಅಂಗಳದಲ್ಲಿ ನೆರಳಿಲ್ಲ, ಹೆಣ್ಣುಮಕ್ಕಳಿಗೆ ಶೌಚಾಲಯವಿಲ್ಲ. ಇಡೀ ಮನೆಮಂದಿ ಬಂದು ಅರ್ಧ ದಿನ ಕಳೆಯುವ ಜಾಗದಲ್ಲಿ ಇದು ಸಣ್ಣ ಮಾತಲ್ಲ.

ಪ್ಲೈವುಡ್, ಲ್ಯಾಮಿನೇಟ್, ಟೈಲ್ಸ್ ನವನಗರದ ಅಂಗಡಿಯಲ್ಲೇ ಸಿಕ್ಕವು. ಆ ಅಂಗಡಿಯ ತುಂಬ ಬಿಳಿ ಎಲ್‌ಇಡಿ ಬೆಳಕು, ಅದರಡಿ ಎಲ್ಲ ಬಣ್ಣವೂ ಚೆಂದ. ಆದರೆ ಐನೂರು ರೂಪಾಯಿ ಇಟ್ಟುಕೊಂಡು ನಾಲ್ಕು ಸ್ಯಾಂಪಲ್ ಮನೆಗೆ ಕೊಟ್ಟರು, ಅದಕ್ಕೆ ಪೂರ್ತಿ ಅಂಕ. ಎರಡು ದಿನ ಅವನ್ನು ಒಲೆಯ ಮೇಲಿನ ಗೋಡೆಗೆ ನೆಟ್ಟಗೆ ನಿಲ್ಲಿಸಿಟ್ಟೆ. ಬೂದು ಬಣ್ಣದ್ದು ಬೆಳಿಗ್ಗೆ ಕಿಟಕಿಯ ಬೆಳಕಿಗೆ ನೀಲಿ, ಸಂಜೆ ಹಳದಿ ಬಲ್ಬಿಗೆ ಕೆಸರು. ಕನ್ನಡಿಯಂಥ ಗ್ಲಾಸಿ ಹಾಳೆಯ ಮೇಲೆ ಒಗ್ಗರಣೆಯ ಕೈ ಇಟ್ಟೆ, ಐದೂ ಬೆರಳು ಮೂಡಿದವು. ಕೊನೆಗೆ ಉಳಿದದ್ದು ಜೋಳದ ಹಿಟ್ಟಿನ ಬಣ್ಣದ 1 ಎಂಎಂ ಮ್ಯಾಟ್. ಅದು ಯಾವ ಹೊತ್ತಿನಲ್ಲೂ ಬಣ್ಣ ಬದಲಿಸಲಿಲ್ಲ.

ಸಿಂಕಿನ ಕೆಳಗಿನ ಹಲಗೆಗೆ ಹುಡುಗ “ವಾಟರ್‌ಪ್ರೂಫ್ ಐತ್ರಿ” ಅಂದ. ಹಲಗೆ ತಿರುವಿದರೆ ಭಾರತೀಯ ಮಾನಕದ ಮುದ್ರೆ ಐಎಸ್ 303, ಎಂಆರ್ ದರ್ಜೆ. ಅದು ತೇವ ತಡೆದೀತು, ನಿಂತ ನೀರು ತಡೆಯದು. ನೀರಿಗೆ ಹೆಚ್ಚು ತಾಳುವ ಐಎಸ್ 710 ಹಲಗೆ ಕೇಳಿದೆ, ಮಾಲೀಕರು ತಕರಾರಿಲ್ಲದೆ ಬದಲಿಸಿದರು.

ಟೈಲ್ಸ್‌ನಲ್ಲಿ ಫಳಫಳ ಬಿಳಿಯದನ್ನು ನಾನೇ ಬಿಟ್ಟೆ, ನಮ್ಮ ಎರೆಮಣ್ಣಿನ ಹೆಜ್ಜೆಗೆ ಅದು ಒಂದು ದಿನ ತಾಳದು. ಬಚ್ಚಲಿಗೆ ಆರಿಸುವಾಗ ಅಂಗಡಿಯಲ್ಲೇ ಟೈಲ್ಸ್ ನೆಲಕ್ಕೆ ಹಾಕಿ, ನೀರು ಸುರಿದು, ಮೊಣಕಾಲು ನೋವಿರುವ ಅತ್ತೆಯವರನ್ನು ಬರಿಗಾಲಲ್ಲಿ ನಿಲ್ಲಿಸಿದೆ, ನಾನು ತೋಳು ಹಿಡಿದುಕೊಂಡಿದ್ದೆ. ಮೂರನೆಯದಕ್ಕೆ “ಇದು ಕಾಲು ಹಿಡಿತೈತಿ ನೋಡವಾ” ಅಂದರು. ಅದನ್ನೇ ತಂದೆವು. ಎಲ್ಲ ಬಾಕ್ಸಿನ ಮೇಲೂ ಶೇಡ್ ನಂಬರ್ ಒಂದೇ ಇದೆಯೇ ನೋಡಿ, ಎರಡು ಬಾಕ್ಸ್ ಹೆಚ್ಚಿಗೆ ಕೊಂಡೆ. ಮುಂದೆ ಒಂದು ಒಡೆದರೆ ಅದೇ ಶೇಡ್ ಮತ್ತೆ ಸಿಗುವ ಭರವಸೆ ಇಲ್ಲ.

ಇಳಕಲ್ಲಿಗೆ ಹೋಗುವವರು ಬೆಳಿಗ್ಗೆ ಒಂಬತ್ತರೊಳಗೆ ಅಂಗಳದಲ್ಲಿರಿ. ಹನ್ನೊಂದಕ್ಕೆಲ್ಲ ಕಲ್ಲು ಕೈ ಇಡಲಾಗದಷ್ಟು ಕಾಯುತ್ತದೆ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ, ಕಲ್ಲಿಗೆ ಚಿಮುಕಿಸಲು ಇನ್ನೊಂದು ಬಾಟಲಿ ಬೇರೆ.